ಕಿಡಿ ಇದೆ, ಪೆಟ್ರೋಲ್ ಇದೆ, ಆದ್ರೂ ಅಂಬಾಸಿಡರ್ ಯಾಕೆ ಸ್ಟಾರ್ಟ್ ಆಗಲ್ಲ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಂದಿರೋ ನಮ್ಮಲ್ಲಿ ಅನೇಕರಿಗೆ ಅಂಬಾಸಿಡರ್ ಅಂದ್ರೆ ಮದುವೆಯ ಕಾರು, ಇಲ್ಲಾಂದ್ರೆ ರಾತ್ರೋರಾತ್ರಿ ದಾವಣಗೆರೆ ಆಸ್ಪತ್ರೆಗೆ ಓಡಿದ ಬಾಡಿಗೆ ಕಾರು. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಇದನ್ನು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸಿತು. ಹಳೇ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಾಗಿ ಇದ್ದದ್ದು 1489 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಅದರಲ್ಲಿ ಸೆನ್ಸರ್ ಇಲ್ಲ, ಇಸಿಯು ಇಲ್ಲ. ದೋಷ ಹುಡುಕಲು ಲ್ಯಾಪ್‌ಟಾಪ್ ಬೇಡ, ಒಂದು ಕ್ರಮ ಬೇಕು.

ಹೊನ್ನಾಳಿ ತಾಲ್ಲೂಕಿನ ಗೆಳೆಯನೊಬ್ಬನ ಮನೆಯಲ್ಲಿ ಅಂಥದ್ದೊಂದು ಕಾರಿಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿದ್ದರು. ಎಂಜಿನ್ ಕೂರಿಸಿದ ಮೇಲೆ ಸ್ಟಾರ್ಟೇ ಆಗಲಿಲ್ಲ. "ದುಡ್ಡು ಸುರಿದದ್ದು ಸಾಕು, ಗುಜರಿಗೆ ಕೊಡಿ" ಅನ್ನೋ ಮಾತೂ ಬಂತು. ಆ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹುಡುಕುವ ದಾರಿಯನ್ನು ನೋಡೋಣ.

ಮೊದಲು: ಸೆಲ್ಫ್ ಹೊಡೀತಾನೇ ಇರಬೇಡಿ

ಸ್ಟಾರ್ಟ್ ಆಗದ ಎಂಜಿನ್ನಿಗೆ ಸೆಲ್ಫ್ ಹೊಡೆದಷ್ಟೂ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆಯುತ್ತೆ. ಹೊಸ ರಿಂಗ್ ಒಣ ಗೋಡೆಗೆ ಉಜ್ಜುತ್ತೆ. ಸಾವಿರಾರು ರೂಪಾಯಿಯ ಕೆಲಸ ಹಾಳಾಗೋದು ಹೀಗೆ. ನಾಲ್ಕೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಆಯಿಲ್ ಪ್ರೆಷರ್ ಬರುವವರೆಗೆ ಮಾತ್ರ ಎಂಜಿನ್ ತಿರುಗಿಸಿ. ಆಮೇಲೆ ಪರೀಕ್ಷೆ.

ನಾಲ್ಕು ಪ್ರಶ್ನೆಗಳು

1. ಸೆಲ್ಫ್ ಜೋರಾಗಿ ತಿರುಗ್ತಿದೆಯಾ? ಹೊಸದಾಗಿ ಕಟ್ಟಿದ ಎಂಜಿನ್ ಬಿಗಿಯಾಗಿರುತ್ತೆ, ಬ್ಯಾಟರಿಯನ್ನು ಜಾಸ್ತಿ ಎಳೆಯುತ್ತೆ. ಆಗ ಕಾಯಿಲ್‌ಗೆ ಸಾಕಷ್ಟು ವೋಲ್ಟೇಜ್ ಸಿಗಲ್ಲ. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ಹಾಗಾಗಿ ಎಂಜಿನ್ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ ಇದೆಯಾ, ಅದರಡಿ ಪೇಂಟ್ ಕೆರೆದಿದ್ದಾರಾ ನೋಡಿ.

2. ಕಂಪ್ರೆಷನ್ ಇದೆಯಾ? ರಿಂಗ್ ಇನ್ನೂ ಕೂತಿರದ ಕಾರಣ ಗೇಜ್ ಸ್ವಲ್ಪ ಕಡಿಮೆ ತೋರಿಸಬಹುದು, ಆದರೆ ನಾಲ್ಕೂ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದೇ ಸಿಲಿಂಡರ್ ಕಡಿಮೆ ಇದ್ರೆ ಅದರ ಟ್ಯಾಪೆಟ್ ಗ್ಯಾಪ್ ಪರೀಕ್ಷಿಸಿ. ನಾಲ್ಕೂ ತೀರಾ ಕಡಿಮೆ ಇದ್ರೆ ಟೈಮಿಂಗ್ ಚೈನಿನ ಗುರುತು ತಪ್ಪಿರಬಹುದು.

3. ಕಿಡಿ ಬರ್ತಿದೆಯಾ? ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ., ಪ್ಲಗ್ ಗ್ಯಾಪ್ ಸುಮಾರು 0.6 ಮಿ.ಮೀ. ಪಾಯಿಂಟ್ ಹಾಕುವಾಗ ಫೈಬರ್ ವಾಷರ್ ಜಾಗ ತಪ್ಪಿದರೆ ಪಾಯಿಂಟ್ ಸದಾ ಅರ್ತ್ ಆಗಿಬಿಡುತ್ತೆ, ಕಿಡಿಯೇ ಬರಲ್ಲ. ಪ್ಲಗ್ಗನ್ನು ಲೋಹಕ್ಕೆ ತಾಗಿಸಿ ಕಿಡಿ ನೋಡುವಾಗ ಹತ್ತಿರ ಪೆಟ್ರೋಲ್ ಇರಕೂಡದು.

4. ಪೆಟ್ರೋಲ್ ಬರ್ತಿದೆಯಾ? ಕಾಯಿಲ್ ವೈರ್ ತೆಗೆದು, ಕಾರ್ಬೊರೇಟರ್ ಪೈಪನ್ನು ಬಾಟಲಿಗೆ ಬಿಟ್ಟು ಎಂಜಿನ್ ತಿರುಗಿಸಿದರೆ ಪಂಪು ಚಿಮ್ಮಿ ಚಿಮ್ಮಿ ಪೆಟ್ರೋಲ್ ಕೊಡಬೇಕು.

ಗೆಳೆಯನ ಮನೆ ಕಾರಿನಲ್ಲಿ ಈ ನಾಲ್ಕಕ್ಕೂ "ಹೌದು" ಅನ್ನೋದೇ ಉತ್ತರ. ಆದರೆ ಒಂದು ಸುಳಿವಿತ್ತು: ಪ್ರತಿ ಸಲ ಕಾರ್ಬೊರೇಟರ್ ಕಡೆಯಿಂದ "ಫಟ್" ಅಂತ ಬೆಂಕಿ ಉಗುಳುತ್ತಿತ್ತು.

ಉಳಿದದ್ದು ಹೊತ್ತು

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಚಕ್ರ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು, ಅಂದ್ರೆ 720 ಡಿಗ್ರಿ ತಿರುಗಬೇಕು. ಕ್ಯಾಮ್ ಮತ್ತು ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಹಾಗಾಗಿ ಒಂದನೇ ಪಿಸ್ಟನ್ ಚಕ್ರಕ್ಕೆ ಎರಡು ಸಲ ಮೇಲೆ ಬರುತ್ತೆ: ಒಮ್ಮೆ ಕಂಪ್ರೆಷನ್ ಕೊನೆಗೆ, ಇನ್ನೊಮ್ಮೆ ಎಕ್ಸಾಸ್ಟ್ ಕೊನೆಗೆ. ಪುಲ್ಲಿಯ ಗುರುತು ಎರಡೂ ಸಲ ಒಂದೇ ಜಾಗಕ್ಕೆ ಬರುತ್ತೆ. ಗುರುತನ್ನಷ್ಟೇ ನಂಬಿದರೆ ಎಡವುವುದು ಇಲ್ಲೇ. ಎಕ್ಸಾಸ್ಟ್ ಕೊನೆಯಲ್ಲಿ ಕಿಡಿ ಹಾರಿದರೆ, ಆಗಷ್ಟೇ ತೆರೆಯುತ್ತಿರುವ ಇನ್‌ಲೆಟ್ ವಾಲ್ವ್ ಮೂಲಕ ಬೆಂಕಿ ಕಾರ್ಬೊರೇಟರಿಗೆ ನುಗ್ಗುತ್ತೆ.

"ಡಿಸ್ಟ್ರಿಬ್ಯೂಟರ್ ಒಂದೇ ರೀತಿ ಕೂರುತ್ತಲ್ಲ, ತಪ್ಪೋದು ಹೇಗೆ?" ಅಂತ ಕೇಳಬಹುದು. ನಿಜ, ಅದರ ತುದಿಯ ನಾಲಗೆ ನಟ್ಟನಡುವೆ ಇಲ್ಲ, ಹಾಗಾಗಿ ಒಂದೇ ರೀತಿ ಕೂರುತ್ತೆ. ಆದರೆ ಅದನ್ನು ತಿರುಗಿಸುವ ಡ್ರೈವ್ ಗೇರನ್ನು ಎಂಜಿನ್ ಕಟ್ಟುವಾಗ ಅರ್ಧ ಸುತ್ತು ತಪ್ಪಿಸಿ ಇಳಿಸಿದರೆ, ಮೇಲೆ ಎಲ್ಲವೂ ಸರಿಯಾಗಿ ಕೂತಂತೆ ಕಂಡರೂ ಕಿಡಿ ಪೂರ್ತಿ ಒಂದು ಕ್ರ್ಯಾಂಕ್ ಸುತ್ತು ತಪ್ಪಿರುತ್ತೆ.

ಪರೀಕ್ಷೆ ಸುಲಭ. ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು, ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿ ಪುಲ್ಲಿಯ ಗುರುತು ಕೂಡಿದಾಗ ನಿಲ್ಲಿಸಿ. ಆಗ ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಸಡಿಲ ಇರಬೇಕು, ನಾಲ್ಕನೆಯದರ ವಾಲ್ವ್‌ಗಳಲ್ಲಿ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇರಬೇಕು. ಈಗ ಕ್ಯಾಪ್ ತೆಗೆದು ರೋಟರ್ ನೋಡಿ. ಅದು ಒಂದನೇ ವೈರಿನ ಕಡೆಗಿರಬೇಕು. ಆ ಕಾರಿನಲ್ಲಿ ನಾಲ್ಕನೆಯದರ ಕಡೆಗಿತ್ತು!

ಫೈರಿಂಗ್ ಆರ್ಡರ್ 1-3-4-2. ಹಾಗಾಗಿ ಗೇರ್ ಬಿಚ್ಚದೆಯೂ ದಾರಿಯಿದೆ: ಕ್ಯಾಪಿನ ಮೇಲೆ 1 ಮತ್ತು 4ರ ವೈರ್, 2 ಮತ್ತು 3ರ ವೈರ್ ಅದಲುಬದಲು ಮಾಡಿದರೆ ಸಾಕು. ಹಾಗೆ ಮಾಡಿದಾಗ ಎಂಜಿನ್ ಹಿಡಿದುಕೊಂಡಿತು. ಕಾರು ಗುಜರಿಗೆ ಹೋಗಲಿಲ್ಲ. ಮುಂದೆ ಬಿಚ್ಚುವವರಿಗೆ ಗೊಂದಲ ಆಗದಿರಲಿ ಅಂತ ಬಾನೆಟ್ ಒಳಗೆ ಈ ಬದಲಾವಣೆಯನ್ನು ಬರೆದಿಟ್ಟದ್ದೂ ಆಯಿತು.

ನೆನಪಿಡಬೇಕಾದ್ದು ಇಷ್ಟೇ. ಓಡುತ್ತಿದ್ದ ಎಂಜಿನ್ ನಿಂತರೆ ಏನು ಸವೆಯಿತು ಅಂತ ಕೇಳಬೇಕು. ಕಟ್ಟಿದ ಎಂಜಿನ್ ಏಳದಿದ್ದರೆ ಕೈ ಎಲ್ಲೆಲ್ಲಿ ಆಡಿತು ಅಂತ ಕೇಳಬೇಕು. ಹೊಸ ಕಾಯಿಲ್, ಹೊಸ ಕಾರ್ಬೊರೇಟರ್ ತರೋಕೆ ಅಂಗಡಿಗೆ ಓಡುವ ಮುಂಚೆ ಒಂದನೇ ಪ್ಲಗ್ ತೂತಿಗೆ ಬೆರಳಿಡಿ. ಆ ಪರೀಕ್ಷೆಗೆ ಕಾಸು ಖರ್ಚಿಲ್ಲ.