ಅಪ್‌ಡೇಟ್ ಅರ್ಧಕ್ಕೆ ನಿಂತರೆ



ಬೈಲಹೊಂಗಲದ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬಂದರು. ಕೈಯಲ್ಲಿ ಹಳೆಯ ಮೊಬೈಲು. ಪರದೆ ಪೂರಾ ಕಪ್ಪು.

"ಟೀಚರ, ರಾತ್ರಿ ಅಪ್‌ಡೇಟ್ ಮಾಡ್ಲಿ ಏನು ಅಂತ ಕೇಳ್ತರಿ. ಹೂಂ ಅಂತ ಒತ್ತಿದ್ನಿ. ಅರ್ಧಕ್ಕ ಚಾರ್ಜ್ ಮುಗೀತು. ಈಗ ಚಾಲೂನ ಆಗವಲ್ದು" ಎಂದರು. ಅದರಲ್ಲಿ ಅವರ ಅವ್ವನ ಫೋಟೊಗಳಿದ್ದವು. ಅವ್ವ ಈಗಿಲ್ಲ.

ಅಪ್‌ಡೇಟ್ ಎಂದರೇನು? ಫೋನಿನ ಎಲ್ಲ ಕೆಲಸ ನಡೆಸುವ ಒಂದು ವ್ಯವಸ್ಥೆ ಅದರೊಳಗೆ ಇರುತ್ತದೆ. ಮನೆಗೆ ಯಜಮಾನತಿ ಇದ್ದ ಹಾಗೆ. ಅದಕ್ಕೆ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಅದನ್ನು ಆಗಾಗ ತಿದ್ದಿ ಕಳಿಸುತ್ತಾರೆ. ಅದೇ ಅಪ್‌ಡೇಟ್.

ಹಳೆಯ ಫೋನು ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ನಡುವೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ನಾವು ಹಾಲಿಗೆ ಹೆಪ್ಪು ಹಾಕುವಾಗ ಹಳೆ ಮೊಸರನ್ನೆಲ್ಲ ಸುರಿಯುತ್ತೇವೆಯೇ? ಇಲ್ಲ. ಸ್ವಲ್ಪ ಗಡಿಗೆಯಲ್ಲಿ ಉಳಿಸುತ್ತೇವೆ. ಹೊಸದು ಕೆಟ್ಟರೆ ಹಳೆಯದು ಇರುತ್ತದಲ್ಲ! 2016ರಲ್ಲಿ ಬಂದ ಆಂಡ್ರಾಯ್ಡ್ 7 ಇಂಥದೇ ಉಪಾಯ ತಂದಿತು. ಫೋನಿನಲ್ಲಿ ಎರಡು ಖಾನೆ. ಒಂದರಲ್ಲಿ ಹಳೆಯದು ಕೆಲಸ ಮಾಡುತ್ತಿರುತ್ತದೆ. ಇನ್ನೊಂದರಲ್ಲಿ ಹೊಸದು ತುಂಬುತ್ತದೆ. ಹೊಸದು ಏಳದಿದ್ದರೆ ಫೋನು ತಾನೇ ಹಳೆಯದಕ್ಕೆ ಮರಳುತ್ತದೆ. ಈಗಿನ ಹೆಚ್ಚಿನ ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಈ ಅನುಕೂಲ ಇದೆ. ಆದರೆ ಫೋಟೊಗಳಿಗೆ ಎರಡನೆಯ ಖಾನೆ ಇಲ್ಲ. ಇದನ್ನು ಮರೆಯಬೇಡಿರಿ.

ದೊಡ್ಡವರ ಕಂಪ್ಯೂಟರೂ ಬಿದ್ದದ್ದುಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಕಾದು ಕುಳಿತರು. ನಮ್ಮ ದೇಶದಲ್ಲಿ ಕೆಲವೆಡೆ ವಿಮಾನದ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು! ಕಂಪನಿ 78 ನಿಮಿಷದಲ್ಲಿ ತಪ್ಪನ್ನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಬಿದ್ದ ಕಂಪ್ಯೂಟರುಗಳಲ್ಲಿ ಬಹಳಷ್ಟು ತಾವಾಗಿ ಏಳಲಿಲ್ಲ. ಜನ ಒಂದೊಂದರ ಮುಂದೆ ಕುಳಿತು ಕೈಯಿಂದ ಸರಿ ಮಾಡಬೇಕಾಯಿತು.

ಹಾಗಾದರೆ ಅಪ್‌ಡೇಟ್ ಬೇಡವೇ? ಬೇಕು. ಕಳ್ಳರು ನುಗ್ಗುವ ಸಂದುಗಳನ್ನು ಅದು ಮುಚ್ಚುತ್ತದೆ. ಮೊದಲು ಚಾರ್ಜ್ ಅರ್ಧಕ್ಕಿಂತ ಹೆಚ್ಚು ಇರಲಿ. ಮುಗಿಯುವವರೆಗೆ ಬಟನ್ ಒತ್ತಬೇಡಿರಿ. ಬೇಕಾದ ಫೋಟೊಗಳನ್ನು ಮೊದಲೇ ಇನ್ನೊಂದು ಕಡೆ ಇಡಿರಿ. ನಂಬರುಗಳನ್ನು ನೋಟಬುಕ್ಕಿನಲ್ಲಿ ಬರೆದುಕೊಳ್ಳಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!

ಆ ಅಕ್ಕನ ಫೋನನ್ನು ರಿಪೇರಿಯವರು ಏಳಿಸಿದರು. ಆದರೆ ಒಳಗಿನದೆಲ್ಲ ಅಳಿಸಿ ಹೋಗಿತ್ತು. ಸವದತ್ತಿಯ ತಂಗಿಗೆ ಕಳಿಸಿದ್ದ ಒಂದು ಫೋಟೊ ಮಾತ್ರ ಮರಳಿ ಸಿಕ್ಕಿತು. ಸಂಘದ 12 ಮಂದಿಯ ನಂಬರುಗಳು ಈಗ ಅವರ ನೋಟಬುಕ್ಕಿನಲ್ಲಿವೆ. ಅವರೇ ಬರೆದದ್ದು. 7 ಮಾತ್ರ ಒಂದೆರಡು ಕಡೆ ತಿರುವಾಗಿತ್ತು. ಅದನ್ನೂ ತಿದ್ದಿಕೊಂಡರು.