ಷಾರ್ಲಟ್ ಸಾಯುವ ಪುಟ

ಕಥೆ ಓದಿ ಹೇಳುವಾಗ ಸಾವಿನ ಪುಟ ಬಂದರೆ ನಾವು ಮೆಲ್ಲನೆ ಎರಡು ಹಾಳೆ ಒಟ್ಟಿಗೆ ಮಗುಚುತ್ತೇವೆ. ಅಮೆರಿಕದ ಇ. ಬಿ. ವೈಟ್ 1952ರಲ್ಲಿ ಪ್ರಕಟಿಸಿದ 'ಷಾರ್ಲಟ್ಸ್ ವೆಬ್' ಕಥೆಯನ್ನು ಬಾನುಲಿ ನಾಟಕವಾಗಿ ಆಡುವವರು ಹಾಗೆ ಮಾಡಲಾಗದು.

ಕ್ರಿಸ್ಮಸ್ ಹೊತ್ತಿಗೆ ಕೊಯ್ಯಲಿದ್ದ ವಿಲ್ಬರ್ ಎಂಬ ಹಂದಿಯನ್ನು ಷಾರ್ಲಟ್ ಎಂಬ ಹೆಣ್ಣುಜೇಡ ಉಳಿಸುತ್ತಾಳೆ, ತನ್ನ ಬಲೆಯಲ್ಲಿ ಅವನ ಹೊಗಳಿಕೆಯ ಪದಗಳನ್ನು ನೇಯ್ದು. ಸಭಿಕರ ಎದುರೇ ಆಡುವ ಬಾನುಲಿ ನಾಟಕದಲ್ಲಿ ನಟರು ಹಾಳೆ ಹಿಡಿದು ಮೈಕಿನ ಮುಂದೆ ನಿಲ್ಲುತ್ತಾರೆ. ಪಕ್ಕದಲ್ಲೊಬ್ಬರು ತಗಡು ಅಲುಗಿಸಿದರೆ ಗುಡುಗು, ತೆಂಗಿನ ಚಿಪ್ಪು ಬಡಿದರೆ ಕುದುರೆ. ಮಕ್ಕಳಿಗೆ ಇದೇ ದೊಡ್ಡ ಮೋಜು! ಆದರೆ ಜೇಡ ನೇಯುವುದಕ್ಕೆ ಸದ್ದೆಲ್ಲಿ? ಸಾಯುವುದಕ್ಕೂ ಇಲ್ಲ. ಜಾತ್ರೆ ಮುಗಿದು ಬರಿದಾದ ಮೈದಾನದಲ್ಲಿ ಷಾರ್ಲಟ್ ಒಬ್ಬಳೇ ಸಾಯುತ್ತಾಳೆ. ಅಲ್ಲಿ ಪಿಟೀಲು ತುಂಬುವುದು ಸುಲಭ. ಬೇಡವೆಂದೇ ನನ್ನ ಅನಿಸಿಕೆ. ಆ ಮೌನವನ್ನೂ ಮಕ್ಕಳು ಕೇಳಲಿ.

1970ರಲ್ಲಿ ವೈಟ್ ತಮ್ಮ ಪುಸ್ತಕವನ್ನು ತಾವೇ ಓದಿ ಧ್ವನಿಮುದ್ರಿಸಿದಾಗ ಈ ಭಾಗದಲ್ಲಿ ಅವರ ಗಂಟಲು ಕಟ್ಟಿತು. 17 ಬಾರಿ ಓದಬೇಕಾಯಿತೆಂದು ಧ್ವನಿಮುದ್ರಿಸಿದವರು ಹೇಳಿದ್ದಾರೆ. ನಮ್ಮ ದನಿ ನಡುಗಿದರೆ ನಾಚಿಕೆಯೇಕೆ?

ಮುಂದಿನ ವಸಂತದಲ್ಲಿ ಅವಳ ಮರಿಗಳು ಹೊರಬರುತ್ತವೆ. ಹೆಚ್ಚಿನವು ಗಾಳಿಗೆ ತೇಲಿಹೋಗಿ, ಮೂರು ಮಾತ್ರ ವಿಲ್ಬರನ ಬಳಿ ಉಳಿಯುತ್ತವೆ. ಅಷ್ಟಕ್ಕೇ ಓಡಬೇಡಿ. "ಷಾರ್ಲಟ್ ಮತ್ತೆ ಬರುವುದಿಲ್ಲವೇ?" ಎಂದು ಮಗು ಕೇಳಿದರೆ, ಪುಸ್ತಕ ಮಡಚಿ ಅದರೊಂದಿಗೆ ಮಾತಾಡಿ.