ಶೇಂಗಾ ಚಟ್ನಿಯೋ, ಪೀನಟ್ ಬಟರೋ?



ಸೊಲ್ಲಾಪುರ, ಅಕ್ಕಲಕೋಟೆಯ ನಮಗೆ ಜೋಳದ ಕಡಕ್ ರೊಟ್ಟಿಯ ಜೊತೆಗೆ ಶೇಂಗಾ ಚಟ್ನಿ ಇಲ್ಲದಿದ್ದರೆ ಊಟ ಸೇರದು. ಈಗ ಅಂಗಡಿಗಳಲ್ಲಿ ಪೀನಟ್ ಬಟರ್ ಎಂಬ ಡಬ್ಬಿಯೂ ಬಂದಿದೆ. ಮೊನ್ನೆ ಬುತ್ತಿಯ ವೇಳೆಯಲ್ಲಿ ಒಬ್ಬ ಹುಡುಗ ತನ್ನ ಚಟ್ನಿಯನ್ನು ಮುಚ್ಚಳದ ಮರೆಯಲ್ಲಿಟ್ಟು ಉಣ್ಣುತ್ತಿದ್ದನು. ಪಕ್ಕದವನು ಆ ಡಬ್ಬಿಯದನ್ನು ತಂದಿದ್ದನು. ಇದರಲ್ಲಿ ನಾಚಿಕೆಪಡುವಂಥದು ಏನಿದೆ? ವಿಚಾರಿಸೋಣ.

ಎರಡರ ಮೂಲವೂ ಶೇಂಗಾ ಕಾಳೇ. ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆ; 100 ಗ್ರಾಂ ಕಾಳಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನು. ಹುರಿದ ಕಾಳನ್ನು ನುಣ್ಣಗೆ ಅರೆದರೆ ಎಣ್ಣೆ ಬಿಟ್ಟು ಬೆಣ್ಣೆಯಂತಾಗುತ್ತದೆ. ಅದೇ ಪೀನಟ್ ಬಟರ್. ಬೆಳ್ಳುಳ್ಳಿ, ಜೀರಿಗೆ, ಖಾರ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿದರೆ ಅದೇ ಎಣ್ಣೆ ಬಿಟ್ಟು ಚಟ್ನಿಯಾಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಮೂರು ಸಂಗತಿಗಳನ್ನು ನೋಡಬೇಕು.

1. ಏನೇನು ಬೆರೆತಿದೆ? ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು ಬರುತ್ತದೆ. ಶೇಂಗಾ, ಸ್ವಲ್ಪ ಉಪ್ಪು ಇಷ್ಟೇ ಇದ್ದರೆ ಉತ್ತಮ. ಸಕ್ಕರೆ, ತಾಳೆ ಎಣ್ಣೆ, ಹೈಡ್ರೋಜನೀಕರಿಸಿದ ಎಣ್ಣೆ ಇದ್ದರೆ ಬೇರೆಯದನ್ನು ನೋಡಿರಿ. ಎಣ್ಣೆ ಮೇಲೆ ತೇಲಿದರೆ ಅದು ದೋಷವಲ್ಲ, ಕಲಸಿ ತಿನ್ನಬಹುದು.

2. ಉಪ್ಪು ಎಷ್ಟು? ದೊಡ್ಡವರಿಗೆ ದಿನಕ್ಕೆ ಎಲ್ಲ ಆಹಾರ ಸೇರಿ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಯೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೆಕ್ಕಕ್ಕೆ ನಮ್ಮ ಚಟ್ನಿಯೂ ಹೊರತಲ್ಲ.

3. ಕಾಳು ಹೇಗಿದೆ? ಇದೇ ಎಲ್ಲಕ್ಕೂ ಮುಖ್ಯ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಶೇಂಗಾ ಚೀಲಕ್ಕೆ ಬೂಷ್ಟು ಹಿಡಿಯಿತು. "ತೊಳೆದು ಹುರಿದರಾಯಿತು" ಎಂದೆ. ಅವ್ವ ಕೇಳಲಿಲ್ಲ, ಎಲ್ಲವನ್ನೂ ಚೆಲ್ಲಿಸಿದಳು. ಅವಳೇ ಸರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಅವುಗಳ ಮೇವಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ಇತ್ತು. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. ಅದು ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೂ ಪೂರ್ತಿ ನಾಶವಾಗದು. ಆದ್ದರಿಂದ ಕಪ್ಪಾದ, ಸುಕ್ಕಿದ, ಕಹಿಯಾದ ಕಾಳನ್ನು ಆರಿಸಿ ತೆಗೆಯಬೇಕು. ಚೆನ್ನಾಗಿ ಒಣಗಿಸಿ ತೇವವಿಲ್ಲದ ಕಡೆ ಇಡಬೇಕು.

ಪಾಲಕರಲ್ಲಿ ವಿನಂತಿ: ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಕೊಡಬೇಡಿರಿ, ಗಂಟಲಲ್ಲಿ ಸಿಕ್ಕೀತು. ಶೇಂಗಾ ತಿಂದರೆ ಮೈಮೇಲೆ ದದ್ದು ಏಳುವವರು, ಉಸಿರು ಕಟ್ಟುವವರು ಅದನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಮಕ್ಕಳೇ, ಒಳ್ಳೆಯ ಕಾಳಿನಿಂದ, ಹಿತಮಿತ ಉಪ್ಪಿನಿಂದ ಕುಟ್ಟಿದ ಚಟ್ನಿ ಯಾವ ಡಬ್ಬಿಗೂ ಕಡಿಮೆಯಲ್ಲ. ನಾಳೆಯಿಂದ ಬುತ್ತಿಯ ಮುಚ್ಚಳವನ್ನು ಧೈರ್ಯದಿಂದ ತೆರೆಯಿರಿ.

ಅಭ್ಯಾಸ: ಮನೆಯಲ್ಲಿ ಒಂದು ಹಿಡಿ ಶೇಂಗಾ ಕಾಳನ್ನು ಆರಿಸಿರಿ. ಕೆಟ್ಟವು ಎಷ್ಟು ಸಿಕ್ಕವು? ಎಣಿಸಿ ವಹಿಯಲ್ಲಿ ಬರೆಯಿರಿ.